ತೊಳೆದ ಶಬ್ದ

ಮಾರ್ಚ್ 3, ಸಂಜೆ 6

ಇವತ್ತು ಕ್ಲಿನಿಕ್ಕಿನಲ್ಲಿ ಒಂಬತ್ತು ಜನರ ಕಿವಿ ಪರೀಕ್ಷೆ. "ಕೇಳಿಸಿದ ಕೂಡಲೇ ಬೆರಳೆತ್ತಿ" — ಒಂಬತ್ತು ಸಲ ಹೇಳಿದೆ. ಮನೆಗೆ ಬಂದು ಸಿಂಥ್ ಕೀಬೋರ್ಡ್ ಆನ್ ಮಾಡಿದೆ. ನನ್ನ ಸಂಗೀತ ಅಷ್ಟೇ: ಒಂದೇ ಸ್ವರ, ನಲವತ್ತು ನಿಮಿಷ. ಮೇಲೆ ಒಂದಿಷ್ಟು ಗೊರಗೊರ. ಹಾಡಿಲ್ಲ, ತಾಳವಿಲ್ಲ. ಅಕ್ಕ ಇದ್ದಿದ್ದರೆ ಬಾಗಿಲಲ್ಲಿ ನಿಂತು, "ಏನೇ ಇದು, ಫ್ರಿಜ್ಜಿಗೆ ಹೊಟ್ಟೆನೋವಾ?" ಎನ್ನುತ್ತಿದ್ದಳು. ತೀರಿಹೋಗಿ ಎರಡು ತಿಂಗಳಾಯಿತು. ಪಕ್ಕದ ಕೋಣೆಯಲ್ಲಿ ಅವಳ ಹೊಲಿಗೆ ಮಿಷನ್ನಿಗೆ ಬಟ್ಟೆ ಹೊದಿಸಿದ್ದೇನೆ. ಅಳು ಬಂದಿಲ್ಲ. ಹಸಿವೂ ಅಷ್ಟಕ್ಕಷ್ಟೆ.

ಮಾರ್ಚ್ 5

ಅಕ್ಕನ ಮಗಳ ಫೋನ್. ಆರು ತಿಂಗಳ ಬಸುರಿ. ಅದೂ ಇದೂ ಮಾತಾಡಿ ಕೊನೆಗೆ ಕೇಳಿದಳು.

"ಚಿಕ್ಕಮ್ಮ, ಅಮ್ಮನ ದನಿ ಎಲ್ಲಾದ್ರೂ ಇದ್ಯಾ? ನನ್ನ ಹತ್ರ ಒಂದೂ ಇಲ್ಲ. ಫೋಟೋ ನೋಡಿದ್ರೆ ಮುಖ ಸಿಗುತ್ತೆ. ದನಿ ಮರೆತುಹೋಗ್ತಿದೆ."

"ಹನ್ನೊಂದು ವರ್ಷ ಅವಳ ಪಕ್ಕದಲ್ಲೇ ಮೈಕ್ ಇಟ್ಕೊಂಡು ಕೂತವಳು ಕಣೇ ನಾನು. ಇಲ್ದೆ ಏನು? ಹುಡುಕಿ ಕೊಡ್ತೀನಿ."

ದೊಡ್ಡದಾಗಿ ಹೇಳಿಬಿಟ್ಟೆ.

ಮಾರ್ಚ್ 8, ಭಾನುವಾರ

ಇನ್ನೂರ ಹದಿನಾಲ್ಕು ಫೈಲು. ಎಲ್ಲವೂ ತೊಳೆದವು.

ನನ್ನ ಶಿಸ್ತು ಅದು. ಮೊದಲ ಅರ್ಧ ನಿಮಿಷ ಏನೂ ನುಡಿಸದೆ ಕೋಣೆಯನ್ನಷ್ಟೇ ರೆಕಾರ್ಡ್ ಮಾಡುವುದು. ಇದು ಕಸ ಎಂದು ಸಾಫ್ಟ್‌ವೇರಿಗೆ ತೋರಿಸಿದರೆ ಇಡೀ ಫೈಲಿನಿಂದ ಅಂಥದ್ದನ್ನೆಲ್ಲ ತೆಗೆದುಬಿಡುತ್ತದೆ. ಕಸ ಎಂದರೆ ಅಕ್ಕನ ಮಿಷನ್. ಅವಳು ಮಾತಾಡಿದ್ದು ತೆರೆಯ ಮೇಲೆ ಕಲೆಯ ಹಾಗೆ ಕಾಣುತ್ತಿತ್ತು. ಕೇಳುವ ಗೋಜಿಗೆ ಹೋಗದೆ ಒಂದೊಂದನ್ನೂ ಕೈಯಾರೆ ಒರೆಸುತ್ತಿದ್ದೆ. ಆಮೇಲೆ ಮೂಲ ಫೈಲು ಡಿಲೀಟ್. ಡಿಸ್ಕಿನಲ್ಲಿ ಜಾಗ ಬೇಕಲ್ಲ.

ಸಂಜೆ 4 — ಇನ್ನೂರ ಹದಿನಾಲ್ಕನ್ನೂ ತೆರೆದು ನೋಡಿಯಾಯಿತು. ಎಂಥ ಚೊಕ್ಕ ಕೆಲಸ! ಅಕ್ಕನ ಒಂದು ಕೆಮ್ಮೂ ಉಳಿದಿಲ್ಲ.

ಮಾರ್ಚ್ 22, ಭಾನುವಾರ

ಎರಡು ವಾರ ಬರೆಯಲಿಲ್ಲ. ಬರೆಯಲು ಏನಿತ್ತು? ಅಕ್ಕನ ಮಗಳು ಮೂರು ಸಲ ಫೋನ್ ಮಾಡಿದಳು. ಎತ್ತಲಿಲ್ಲ.

ಮಧ್ಯಾಹ್ನ, ನಾವೆಲ್ಲ ಗಡ್ಡ ಎಂದು ಕರೆಯುವ ಗೆಳೆಯನ ಗ್ಯಾರೇಜಿಗೆ ಹೋದೆ. ತಿಂಗಳಿಗೊಮ್ಮೆ ಅಲ್ಲಿ ಹನ್ನೆರಡು ಕುರ್ಚಿ, ಎರಡು ಸ್ಪೀಕರು. ನಮ್ಮಂಥ ತಲೆಕೆಟ್ಟವರು ಒಬ್ಬರ ರೆಕಾರ್ಡಿಂಗ್ ಒಬ್ಬರು ಕಣ್ಣು ಮುಚ್ಚಿ ಕೇಳುತ್ತ ಕೂರುತ್ತೇವೆ. ನನ್ನದು ಮುಗಿದ ಮೇಲೆ ಗಡ್ಡ ಮೂಗು ಮುರಿದ.

"ತುಂಬ ಕ್ಲೀನು. ಆಸ್ಪತ್ರೆ ನೆಲದ ಥರ. ಹೋದ ವರ್ಷ ಒಂದು ಕಳಿಸಿದ್ರಲ್ಲ, ಅಡಿಯಲ್ಲಿ ಏನೋ ಕುದುರೆ ಓಡಿದ ಹಾಗೆ... ಅದರಲ್ಲಿ ಜೀವ ಇತ್ತು."

"ಅದು ತೊಳೆಯದೇ ಇದ್ದದ್ದು. ತಪ್ಪಿ ಕಳಿಸಿದ್ದು. ಅಳಿಸಿಬಿಡಿ ಅಂದಿದ್ನಲ್ಲ?"

"ಅಂದ್ರಿ. ನಾನು ಅಳಿಸಲಿಲ್ಲ. ಏನೀಗ?"

ಅವನ ಕೈ ಹಿಡಿದುಕೊಂಡೆ. ಬಿಡುವುದು ಮರೆತೇಹೋಯಿತು. ಪಾಪ, ಗಾಬರಿಯಾದ.

ಮಾರ್ಚ್ 23, ಬೆಳಿಗ್ಗೆ 7.10

ಗಡ್ಡನ ಮೇಲ್ ಬಂತು, ಜೊತೆಗೆ ಆ ತೊಳೆಯದ ಫೈಲು. ನನ್ನ ಗುಂಯ್‌ಗುಡುವಿಕೆಯ ಅಡಿಯಲ್ಲಿ ಯಾರೋ ಮಾತಾಡುತ್ತಿದ್ದಾರೆ. ಮಾತು ತಿಳಿಯುವುದಿಲ್ಲ. ಆದರೆ ಇದನ್ನೇ ತೊಳೆದ ಫೈಲು ನನ್ನಲ್ಲಿದೆ. ಅದರ ಶಬ್ದದ ಅಲೆಯನ್ನು ತಲೆಕೆಳಗು ಮಾಡಿ ಇದರ ಮೇಲೆ ಇಟ್ಟರೆ ಎರಡರಲ್ಲೂ ಇರುವುದು ಅಳಿಯುತ್ತದೆ. ನಾನು ಎಸೆದದ್ದಷ್ಟೇ ಉಳಿಯುತ್ತದೆ.

7.40

ಟಕಟಕಟಕ. ಮಿಷನ್ನೇ. ಹನ್ನೆರಡನೇ ನಿಮಿಷಕ್ಕೆ ಗಕ್ಕನೆ ನಿಂತಿತು. ಯಾರೋ ಗಿರಾಕಿ, ಹೆಂಗಸು:

"ಯಾಕೆ ನಿಲ್ಲಿಸಿಬಿಟ್ರಿ?"

ಅಕ್ಕ. ಮೆಲುದನಿ.

"ಶ್... ಒಳಗೆ ನನ್ನ ತಂಗಿ ರೆಕಾರ್ಡ್ ಮಾಡ್ತಿದ್ದಾಳೆ. ವಾರದಿಂದ ಇದನ್ನೇ ನುಡಿಸ್ತಿದ್ದಾಳೆ. ಈ ಜಾಗ ಬಂದಾಗ ನಾನು ಮಿಷನ್ ನಿಲ್ಲಿಸ್ತೀನಿ."

"ನಿಮಗೆ ಅರ್ಥ ಆಗುತ್ತಾ ಇದು?"

"ಅಯ್ಯೋ, ಇಲ್ಲಪ್ಪ. ಸುಮ್ನಿರಿ, ಈಗ ಬರುತ್ತೆ ನೋಡಿ."

ಆಮೇಲೆ ನಾಲ್ಕು ನಿಮಿಷ ಏನೂ ಇಲ್ಲ. ಅಕ್ಕ ಕೇಳುತ್ತಿದ್ದಾಳೆ.

ಇದನ್ನೂ ನಾನೇ ಒರೆಸಿದ್ದು.

8.05

ಅಕ್ಕನ ಮಗಳಿಗೆ ಫೋನ್ ಮಾಡಿದೆ. "ಸಿಕ್ತಾ ಚಿಕ್ಕಮ್ಮ?" ಎಂದಳು. ಫೋನನ್ನು ಸ್ಪೀಕರಿಗೆ ಹಿಡಿದೆ. ಮಿಷನ್ ನಿಂತಿತು. ಶ್... ಎಂದಳು ಅಕ್ಕ. ನೋಡಿದರೆ, ಪರೀಕ್ಷೆಗೆ ಕೂತವರ ಹಾಗೆ ನನ್ನ ಬೆರಳು ಮೇಲೆದ್ದಿದೆ. ಆ ಕಡೆಯಿಂದ ಸಣ್ಣ ದನಿ: "ಅಮ್ಮ."