ಮೂರನೆಯ ಗೋಲಿಗೆ ಹೋದ ಟೋಪಿ

ಮೆಲ್‌ಫೋರ್ಟ್, ಕೆನಡಾ

ಪ್ರೀತಿಯ ಮಾವನವರಿಗೆ,

ಬೈಯುವ ಮುಂಚೆ ಪೂರ್ತಿ ಓದಿ. ನೀವು ನಿಮ್ಮ ಮಗ ಸಿಲ್ವಾನೊಗೆ ಹೆಣೆದುಕೊಟ್ಟಿದ್ದ ಅಲ್ಪಾಕಾ ಉಣ್ಣೆಯ ಟೋಪಿ ಈಗ ನನ್ನ ಹತ್ತಿರ ಇಲ್ಲ. ಅವರನ್ನು ಇಲ್ಲಿ ಮಣ್ಣು ಮಾಡಿದ ಮೇಲೆ ನಾನೇ ಅದನ್ನು ಹಾಕಿಕೊಳ್ಳುತ್ತಿದ್ದೆ.

ಶನಿವಾರ ಪಕ್ಕದ ಮನೆಯ ಡೊರೀನ್ ಅಜ್ಜಿ ಬಲವಂತ ಮಾಡಿ ಐಸ್ ಹಾಕಿ ಆಟ ನೋಡಲು ಕರೆದೊಯ್ದರು. ಒಬ್ಬನೇ ಆಟಗಾರ ಮೂರು ಗೋಲು ಹೊಡೆದರೆ ಇಲ್ಲಿನ ಜನ ತಮ್ಮ ಟೋಪಿಗಳನ್ನು ಮಂಜುಗಡ್ಡೆಯ ಅಂಕಣಕ್ಕೆ ಎಸೆಯುತ್ತಾರೆ. ಊರಿನ ಹುಡುಗ ಮೂರನೆಯದನ್ನು ಹೊಡೆದಾಗ ನಾನೂ ಎದ್ದು, ಕೂಗಾಡುತ್ತಾ ಎಸೆದುಬಿಟ್ಟೆ.

“ಅಯ್ಯೋ, ಅದು ನಿನ್ನ ಗಂಡಂದಲ್ವೇನೇ? ಬಾ, ಹೋಗಿ ಕೇಳಿ ತರೋಣ,” ಎಂದರು ಅಜ್ಜಿ.

“ಇರ್ಲಿ ಬಿಡಿ ಅಜ್ಜಿ,” ಎಂದೆ.

ಬಿಡುವಾದಾಗ ಇನ್ನೊಂದು ಹೆಣೆದು ಕಳಿಸಿ. ಅಳತೆಗೆ ಈ ಕಾಗದದ ಜೊತೆ ದಾರ ಇಟ್ಟಿದ್ದೇನೆ. ಸಿಲ್ವಾನೊ ಅವರದು ಯಾವಾಗಲೂ ಕಣ್ಣಿನ ಮೇಲೆ ಜಾರುತ್ತಿತ್ತು. ಈ ಸಲ ನನ್ನ ತಲೆಗೆ ಸರಿಯಾಗಿರಲಿ.

ನಿಮ್ಮ ಸೊಸೆ,
ಎಲ್ವಿರಾ