ದೇವರಿಗೆ ಬಿಟ್ಟ ಕರು

ನಮ್ಮ ಗೌರಿಯ ಮಗನಿಗೆ,

ಹೆಸರಿಟ್ಟರೆ ಮಾಯೆ ಅಂಟುತ್ತದೆಂದು ನಿನಗೆ ನಾನು ಹೆಸರೇ ಇಡಲಿಲ್ಲ. ಕರುವಿಗೆ ಕಾಗದ ಬರೆಯುವವಳಿಗೆ ಅರಳುಮರಳು ಎಂದು ನಮ್ಮ ಯಜಮಾನರು ನಗುತ್ತಾರೆ. ನಗಲಿ. ಮನುಷ್ಯರ ಹತ್ತಿರ ಹೇಳಿಕೊಂಡರೆ ಸಮಾಧಾನ ಮಾಡಿಬಿಡುತ್ತಾರೆ, ಅದು ನನಗೆ ಬೇಡ.

ನೀನು ಹುಟ್ಟಿದಾಗ ನಾನು ಮೊದಲು ನೋಡಿದ್ದು ಬಾಲದ ಕೆಳಗೆ. ಗಂಡು ಎಂದು ತಿಳಿದು ಮುಖ ಸಣ್ಣಗಾಯಿತು. ಸೀಮೆಹಸುವಿನ ಗಂಡುಕರು ಹಾಲಿಗಿಲ್ಲ, ಉಳುವುದಕ್ಕೂ ಇಲ್ಲ. ಪೇಟೆಗೆ ಸೇರಿಹೋದ ನಮ್ಮ ಹಿನಕಲ್‌ನಲ್ಲಿ ಉಳಲು ಹೊಲವಾದರೂ ಎಲ್ಲಿದೆ? ಕಟುಕರಿಗೆ ಕೊಡಲು ಕಾನೂನೂ ಒಪ್ಪದು, ನಮ್ಮ ಮನಸ್ಸೂ ಒಪ್ಪದು. ಗೋಶಾಲೆಯವರು ಜಾಗವಿಲ್ಲ ಎಂದರು. ಮೂರು ತಿಂಗಳಾದ ಮೇಲೆ ಯಜಮಾನರೇ ದಾರಿ ಹುಡುಕಿದರು. "ಶಿವನ ಹೆಸರಲ್ಲಿ ಬಸವ ಅಂತ ಬಿಟ್ಬುಡಾಣ ಕಣೆ. ಹಿರೀಕರು ಬಿಡ್ತಿರಲಿಲ್ವಾ?"

ಬಿಡುತ್ತಿದ್ದರು, ನಿಜ. ಆದರೆ ಅವರು ಬಿಟ್ಟ ಬಸವ ಯಾರ ಹೊಲಕ್ಕೆ ನುಗ್ಗಿದರೂ ಊರು ಹೊಡೆಯುತ್ತಿರಲಿಲ್ಲ, ಮೇವು ಹಾಕುತ್ತಿತ್ತು. ಈಗ ಊರು ಹೋಗಿ ಲೇಔಟು ಬಂದಿದೆ. ಅದು ಗೊತ್ತಿದ್ದೇ ನಿನ್ನ ಹಣೆಗೆ ವಿಭೂತಿ ಹಚ್ಚಿ, ಕೊರಳಿಗೆ ಚೆಂಡುಹೂವಿನ ಹಾರ ಹಾಕಿದೆ. ನೀನು ಹಾರವನ್ನೇ ತಿನ್ನಲು ನೋಡಿದೆ. ಎದುರುಮನೆ ಪ್ರೇಮಲೀಲಾ, "ಪುಣ್ಯ ಕಟ್ಕೊಂಡ್ರಿ ಕಣಮ್ಮ" ಎಂದು ಕೈಮುಗಿದಳು. ನಾನೂ ತಲೆಯಾಡಿಸಿದೆ, ನಾಚಿಕೆಗೆಟ್ಟವಳು. ರಿಂಗ್ ರಸ್ತೆಯಾಚೆ ಒಂದು ಗುಡಿಯ ಮುಂದೆ ನಿನ್ನ ಹಗ್ಗ ಬಿಚ್ಚಿ ಬಂದೆವು. ಸಾಕಿದ ಪ್ರಾಣಿಯನ್ನು ಬೀದಿಪಾಲು ಮಾಡುವುದೂ ಅಪರಾಧ ಎಂದು ಲಾ ಓದುವ ಮೊಮ್ಮಗಳು ಧನುಶ್ರೀ ಹೇಳಿದಾಗ, "ದೇವರಿಗೆ ಬಿಟ್ಟಿದ್ದಕ್ಕೆ ಯಾವ ಕೇಸೇ?" ಎಂದು ಅವಳ ಬಾಯಿ ಮುಚ್ಚಿಸಿದೆ.

ನಾಲ್ಕನೆಯ ದಿನ ಬೆಳಿಗ್ಗೆ ನೀನು ಬಂದೆ. ಅಷ್ಟು ಲಾರಿಗಳ ನಡುವೆ ರಸ್ತೆ ಹೇಗೆ ದಾಟಿದೆಯೋ, ಕುಂಟುತ್ತಿದ್ದೆ. ಗೇಟಿಗೆ ಮೂತಿ ಒತ್ತಿ ಕೂಗಿದೆ. ನೀನು ಹೋದಾಗಿನಿಂದ ಹಾಲು ಬಿಗಿಹಿಡಿದಿದ್ದ ಗೌರಿ ಆ ದನಿಗೆ ಸೊರ ಬಿಟ್ಟಳು. ಕೆಚ್ಚಲಿನಿಂದ ಹಾಲು ತಾನಾಗಿಯೇ ನೆಲಕ್ಕೆ ತೊಟ್ಟಿಕ್ಕಿತು. ನಾನು ಓಡಿಹೋಗಿ ಬಕೆಟ್ಟು ತಂದೆ. ನೀನು ಕೂಗುತ್ತಿದ್ದಷ್ಟು ಹೊತ್ತೂ ಹಾಲು ಕರೆದೆ. ಬಕೆಟ್ಟು ತುಂಬಿದ ಮೇಲೆ ಗೇಟಿನ ಕಡೆ ನೋಡಿದರೆ ನೀನಿರಲಿಲ್ಲ.

ಆಮೇಲೆ ಗುಡಿಯವರೆಗೂ ಹುಡುಕಿದೆ, ಸಿಗಲಿಲ್ಲ. ಇನ್ನೊಂದು ಸಲ ಬಂದರೆ ಖಂಡಿತ ಗೇಟು ತೆಗೆಯುತ್ತೇನೆ ಎಂದು ಬರೆದು ಹೊಡೆದುಹಾಕಿದೆ. ನನ್ನ ಮಾತನ್ನು ನಾನೇ ನಂಬಲಾರೆ. ಎಲ್ಲಿದ್ದರೂ ತಣ್ಣಗಿರು ಮಗನೇ. ನನಗಿಂತ ಒಳ್ಳೆಯವರ ಕಣ್ಣಿಗೆ ಬೀಳು.

ನಿನ್ನ ಪಾಲಿನ ಹಾಲು ಕರೆದುಕೊಂಡವಳು,
ದಾಕ್ಷಾಯಣಮ್ಮ