ಪಾಸ್ತಾ ಬಸಿದ ದಿನ

ಕುಂತೂರು
12-1-2025, ಭಾನುವಾರ

ಪ್ರೀತಿಯ ರಾಣಿ,

ನಿನ್ನ ಕೈ ಈಗ ಹೇಗಿದೆ? ನಿಮ್ಮಪ್ಪನ ಮೊಬೈಲಿಗೆ ಎಂಟು ಸಲ ಫೋನ್ ಮಾಡಿದೆ. ನನ್ನ ದನಿ ಕೇಳಿದ ಕೂಡಲೇ ಇಟ್ಟುಬಿಡುತ್ತಾರೆ. ಅವರ ತಪ್ಪೇನಿಲ್ಲ. ನಾಳೆ ನಿಮ್ಮ ದೇವರಾಜು ಮಾಮ ಕೊಳ್ಳೇಗಾಲಕ್ಕೆ ಬರುತ್ತಾರಲ್ಲ, ಅವರ ಕೈಯಲ್ಲಿ ಈ ಕಾಗದ ಬಂಡಳ್ಳಿಗೆ ಕಳಿಸುತ್ತೇನೆ.

ಗುರುವಾರದ ಅಡುಗೆ ಕ್ಲಾಸು ನಿಂತುಹೋಗಿದೆ. ಮಕ್ಕಳನ್ನು ಸರಿಯಾಗಿ ನೋಡಿಕೊಳ್ಳಲಿಲ್ಲ ಎಂದು ಮಾಲಿನಿ ಮಿಸ್ಸನ್ನು ಕೆಲಸದಿಂದ ಬಿಡಿಸಿದ್ದಾರೆ. ನಿಮ್ಮಪ್ಪ ಟಿ.ಸಿ. ಕೇಳಿದ್ದಾರೆ ಎಂದು ನಿನ್ನ ಹಾಸ್ಟೆಲಿನ ಹುಡುಗಿಯರು ಹೇಳಿದರು. ನಿಜವಾ? ಒಂಬತ್ತನೇ ಕ್ಲಾಸಿಗೇ ಓದು ಬಿಟ್ಟುಬಿಡುತ್ತೀಯಾ?

ಅಡುಗೆ ಕ್ಲಾಸಿನ ಮೊದಲ ದಿನ ನೆನಪಿದೆಯಾ? ಪಾಸ್ತಾ ಬೆಂದ ಮೇಲೆ ಮಿಸ್ ಅದನ್ನು ಜರಡಿಗೆ ಸುರಿದು ನೀರು ಚೆಲ್ಲಲು ಹೊರಟರು. ನೀನು ಎದ್ದು ನಿಂತು, "ಚೆಲ್ಬ್ಯಾಡಿ ಮಿಸ್, ಬಸ್ಸಾರು ಮಾಡ್ಬೋದು" ಅಂದೆ. ಕ್ಲಾಸಿಗೆ ಕ್ಲಾಸೇ ನಕ್ಕಿತು. ಮಿಸ್ ಮಾತ್ರ ನಗಲಿಲ್ಲ. ಒಂದು ಲೋಟ ನೀರು ಎತ್ತಿಡಲೇಬೇಕು, ಟೊಮೆಟೊ ಗೊಜ್ಜು ಗಟ್ಟಿಯಾದರೆ ಬೇಕಾಗುತ್ತದೆ ಎಂದರು. ಅವತ್ತಿನಿಂದ ನಿನ್ನ ಹೆಸರು ಬಸ್ಸಾರು ರಾಣಿ. ಬೆಳ್ಳುಳ್ಳಿ ಜಜ್ಜುವುದು ನೀನು, ಈರುಳ್ಳಿ ಹೆಚ್ಚಿಕೊಂಡು ಅಳುವುದು ನಾನು, ಆಮೇಲೆ ಇಬ್ಬರೂ ಒಂದೇ ತಟ್ಟೆಯಲ್ಲಿ ತಿನ್ನುವುದು. ಅಷ್ಟು ರುಚಿಯಾದದ್ದನ್ನು ನಾನು ಬೇರೆಲ್ಲೂ ತಿಂದಿಲ್ಲ.

ಇದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. "ಕ್ಲಾಸಲ್ಲಿ ನಿನ್ನ ಜೋಡಿ ಯಾರು?" ಎಂದು ಅಜ್ಜಿ ಕೇಳಿದಾಗ ನಮ್ಮವರದೇ ಹುಡುಗಿ ಎಂದಿದ್ದೆ. ನಮ್ಮ ಜಗುಲಿಯ ಮೂಲೆಯಲ್ಲಿ ಒಂದು ಲೋಟ ಬೇರೆ ಇಟ್ಟಿದ್ದಾರೆ, ನಿಮ್ಮ ಜನ ಗದ್ದೆ ಕೆಲಸಕ್ಕೆ ಬಂದರೆ ನೀರು ಕುಡಿಯಲಿ ಎಂದು. ನೀನು ಎಷ್ಟು ಸಲ ಕೇಳಿದರೂ ನಾನು ಮನೆಗೆ ಕರೆಯಲಿಲ್ಲವಲ್ಲ, ಅದಕ್ಕೆ ಆ ಲೋಟವೇ ಕಾರಣ.

ಅಡುಗೆ ಪ್ರದರ್ಶನದ ದಿನ ಆದದ್ದಕ್ಕೆ ಎಲ್ಲರೂ ಒಂದೇ ಮಾತು ಹೇಳುತ್ತಿದ್ದಾರೆ. ಪಾಸ್ತಾ ಬೇಯಿಸಿದ ದಬರಿ ಹಿಡಿದಿದ್ದ ಬಟ್ಟೆ ಒದ್ದೆಯಾಗಿತ್ತು, ರಾಣಿಯ ಕೈ ಜಾರಿತು, ಅಷ್ಟೆ. ಹೆಡ್‌ಮಾಸ್ಟರ ಮುಂದೆ ನಾನೂ ಹಾಗೇ ಹೇಳಿದೆ. ಮೂರು ಸಲ ಹೇಳಿದೆ.

ಬಟ್ಟೆ ಒಣಗಿತ್ತು ರಾಣಿ.

ಆ ಕಡೆ ನೀನು, ಈ ಕಡೆ ನಾನು ದಬರಿ ಎತ್ತಿದಾಗ, ಪ್ರದರ್ಶನ ನೋಡಲು ಬಂದ ನಮ್ಮಜ್ಜಿ ಬಾಗಿಲಲ್ಲಿ ನಿಂತರು. "ಆ ಎಣ್ಣು ಯಾರ ಮನೇದು?" ಎಂದು ಪಕ್ಕದವರನ್ನು ಕೇಳಿದರು. ಅವರು ಬಂಡಳ್ಳಿ ಎಂದು ಹೇಳಿ ನಿಮ್ಮಪ್ಪನ ಹೆಸರನ್ನೂ ಹೇಳಿದ್ದು ನನಗೆ ಕೇಳಿಸಿತು. ಅಜ್ಜಿ ನನ್ನ ಕೈಯನ್ನೇ ನೋಡಿದರು. ನಾನು ಬಿಟ್ಟುಬಿಟ್ಟೆ. ಜಾರಿದ್ದಲ್ಲ, ಬಿಟ್ಟದ್ದು. ನೀನು ಮಾತ್ರ ಪಾಸ್ತಾ ನೆಲಕ್ಕೆ ಬೀಳಬಾರದೆಂದು ಹಿಡಿದೇ ಇದ್ದೆ. ಕುದಿಯುತ್ತಿದ್ದ ನೀರೆಲ್ಲ ನಿನ್ನ ಬಲಗೈ ಮೇಲೆ ಹೋಯಿತು.

ಮನೆಗೆ ಬಂದ ಮೇಲೆ ಅಜ್ಜಿ ನನ್ನ ತಲೆ ಮೇಲೆ ನೀರು ಹಾಕಿದರು. ಬೈಯಲಿಲ್ಲ. ಸದ್ಯ ಕೈ ಬಿಟ್ಟೆಯಲ್ಲ ಎಂದು ಹೇಳಿ ಬಿಸಿ ಹಾಲು ಕೊಟ್ಟರು. ನಾನು ಕುಡಿದೆ.

ನನಗೆ ನನ್ನನ್ನು ಕಂಡರೆ ಅಸಹ್ಯ. ಕ್ಷಮಿಸು ಎಂದು ಕೇಳಲು ಮುಖವಿಲ್ಲ. ಟಿ.ಸಿ. ಮಾತ್ರ ತಗೋಬೇಡ. ನಮ್ಮ ಬೆಂಚಿನಲ್ಲಿ ನಿನ್ನ ಜಾಗಕ್ಕೆ ಯಾರನ್ನೂ ಕೂರಿಸಿಲ್ಲ.

ನಿನ್ನ
ಮಧುಶ್ರೀ

ಮರೆತಿದ್ದೆ: ಇದರ ಜೊತೆ ಇನ್ನೊಂದು ಹಾಳೆ ಇದೆ. "ನನ್ನ ಅಜಾಗರೂಕತೆಯಿಂದಲೇ ಹೀಗಾಯಿತು" ಎಂದು ನೀನೇ ಬರೆದುಕೊಟ್ಟ ಹಾಗೆ ಟೈಪ್ ಮಾಡಿಸಿದ್ದಾರೆ. ನಮ್ಮಪ್ಪ ಶಾಲೆಯ ಸಮಿತಿಯಲ್ಲಿದ್ದಾರಲ್ಲ, ಅವರೇ ಕೊಟ್ಟರು. ಬಲಗೈಯಲ್ಲಿ ಸಹಿ ಮಾಡಲು ಆಗದಿದ್ದರೆ ಎಡಗೈ ಹೆಬ್ಬೆಟ್ಟು ಸಾಕಂತೆ. ಒತ್ತಬೇಡ ಎಂದು ಬರೆಯಲು ಬೆಳಗಿನಿಂದ ಕೂತಿದ್ದೇನೆ. ನೀನು ಒತ್ತದಿದ್ದರೆ ಮತ್ತೆ ನನ್ನನ್ನು ಕರೆದು ಕೇಳುತ್ತಾರೆ. ನಾನು ಬರೆದ ಈ ಕಾಗದ ಓದಿ ಹರಿದುಬಿಡು. ಇಂಕ್ ಪ್ಯಾಡ್ ಕವರಿನಲ್ಲೇ ಇಟ್ಟಿದ್ದೇನೆ.